ಶಪಥದಿಂದ ಆರಂಭಿಸಿ: ಪ್ಯಾಲಡಿನ್ ಪಾತ್ರವನ್ನು ಕಟ್ಟುವ ಬಗೆ

ಫ್ಯಾಂಟಸಿ ಕಾದಂಬರಿಗಾಗಲಿ, ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟಕ್ಕಾಗಲಿ ಪ್ಯಾಲಡಿನ್ ಒಬ್ಬನನ್ನು, ಅಂದರೆ ಶಪಥಕ್ಕೆ ಕಟ್ಟುಬಿದ್ದ ಧರ್ಮಯೋಧನೊಬ್ಬನನ್ನು, ರೂಪಿಸಲು ಕುಳಿತವರು ಸಾಮಾನ್ಯವಾಗಿ ಹೊಳೆಯುವ ಕವಚ, ಬೆಳಕು ಚಿಮ್ಮುವ ಖಡ್ಗ, ಬಿಳಿಯ ಕುದುರೆಗಳಿಂದ ಆರಂಭಿಸುತ್ತಾರೆ. ಹಾಗೆ ಹುಟ್ಟಿದ ಪಾತ್ರ ಮೊದಲ ಅಧ್ಯಾಯದಲ್ಲಿ ಕಣ್ಣಿಗೆ ಹಬ್ಬವಾಗಿ ಕಂಡರೂ ಮೂರನೆಯ ಅಧ್ಯಾಯದ ಹೊತ್ತಿಗೆ ಎಲ್ಲರಿಗೂ ಬುದ್ಧಿ ಹೇಳುವ ಗೊಂಬೆಯಾಗಿಬಿಡುತ್ತದೆ. ಆಟವಾದರೆ ಅವನು ಬಾಯಿ ತೆರೆದೊಡನೆ ಜೊತೆಯವರು ನಿಟ್ಟುಸಿರು ಬಿಡುತ್ತಾರೆ. ಒಳ್ಳೆಯವನಾಗಿರಲು ಅವನು ಏನನ್ನೂ ತೆರಬೇಕಾಗಿಲ್ಲದಿರುವುದೇ ಇದಕ್ಕೆ ಕಾರಣ. ಆದ್ದರಿಂದ ಈ ಬರಹ ಸೂಚಿಸುವ ಕ್ರಮ ತಿರುವುಮುರುವಾದದ್ದು: ಮೊದಲು ಶಪಥ, ಆಮೇಲೆ ಅದನ್ನು ಪಾಲಿಸಲು ತೆರಬೇಕಾದ ಬೆಲೆ, ಕವಚ ಮತ್ತು ಖಡ್ಗಗಳು ಕಟ್ಟಕಡೆಗೆ.

ಬರೆಯುವ ಮುನ್ನ ಈ ಪಾತ್ರದ ಬೇರುಗಳನ್ನು ಒಮ್ಮೆ ನೋಡಿಕೊಳ್ಳುವುದು ಉಪಯುಕ್ತ. ಪ್ಯಾಲಡಿನ್ ಎಂಬ ಪದ ಲ್ಯಾಟಿನ್ನಿನ ‘ಪ್ಯಾಲಟೀನಸ್’ನಿಂದ ಬಂದದ್ದು, ಅರಮನೆಗೆ ಸೇರಿದವನು ಎಂದು ಅದರ ಅರ್ಥ, ರೋಮಿನ ಪ್ಯಾಲಟೀನ್ ಬೆಟ್ಟ ಅದರ ಮೂಲ. ಅಂದರೆ ದೇವರ ಆಳಾಗುವುದಕ್ಕೆ ಮೊದಲು ಅವನು ಅರಸನ ಆಳಾಗಿದ್ದ. ಮಧ್ಯಯುಗದ ಫ್ರೆಂಚ್ ವೀರಗೀತೆಗಳಲ್ಲಿ ಶಾರ್ಲಮೇನ್ ಚಕ್ರವರ್ತಿಯ ಸುತ್ತ ಹನ್ನೆರಡು ಮಂದಿ ಆಪ್ತ ವೀರರಿದ್ದಾರೆ, ಅವರಲ್ಲಿ ಮುಖ್ಯನಾದವನು ರೋಲಾಂಡ್. ಅವನ ಕಥೆಗೆ 778ರಲ್ಲಿ ಪಿರನೀಸ್ ಪರ್ವತದ ಕಣಿವೆಯಲ್ಲಿ ನಡೆದ ಕಾಳಗವೇ ಆಧಾರ. ಚರಿತ್ರೆಯಲ್ಲಿ ಶಾರ್ಲಮೇನ್‌ನ ಸೇನೆಯ ಹಿಂದಣಿಯ ಮೇಲೆರಗಿದವರು ಬಾಸ್ಕ್ ಜನರು. ಸುಮಾರು ಮುನ್ನೂರು ವರ್ಷಗಳ ಬಳಿಕ ಹುಟ್ಟಿದ ಕಾವ್ಯದಲ್ಲಿ ಶತ್ರುಗಳು ಬೇರೆ ಮತದವರಾದರು, ಗಡಿಯ ಒಂದು ಚಕಮಕಿ ಧರ್ಮಯುದ್ಧವಾಯಿತು. ಆ ಕಾವ್ಯದಲ್ಲಿ ಗೆಳೆಯ ಆಲಿವರ್ ಕೊಂಬು ಊದಿ ಚಕ್ರವರ್ತಿಯನ್ನು ಕರೆಯೆಂದು ಬೇಡುತ್ತಾನೆ, ಹಾಗೆ ಮಾಡಿದರೆ ತನ್ನ ಹೆಸರಿಗೂ ಕುಲಕ್ಕೂ ಕಳಂಕವೆಂದು ರೋಲಾಂಡ್ ಒಪ್ಪುವುದಿಲ್ಲ. ಕೊನೆಗೆ ಅವನು ಕೊಂಬನ್ನು ತುಟಿಗೆ ಒತ್ತುವಾಗ ಉಳಿದವರು ಸುಮಾರು ಅರವತ್ತು ಮಂದಿ ಮಾತ್ರ. ಅವನನ್ನು ಕೆಡಿಸಿದ್ದು ಯಾವ ದುರ್ಗುಣವೂ ಅಲ್ಲ, ಎಲ್ಲರೂ ಹೊಗಳುತ್ತಿದ್ದ ಅವನ ಶೌರ್ಯವೇ. ನಿಮ್ಮ ಪಾತ್ರಕ್ಕೆ ದೋಷವೊಂದನ್ನು ಹುಡುಕುತ್ತಿದ್ದರೆ ಹೊರಗಿನಿಂದ ತಂದು ಅಂಟಿಸಬೇಡಿ. ಅವನ ಅತಿ ದೊಡ್ಡ ಗುಣವನ್ನೇ ಇನ್ನಷ್ಟು ದೂರ ಎಳೆದು ನೋಡಿ.

ಇನ್ನೊಂದು ಬೇರು 1129ರಲ್ಲಿ ಟ್ರ್ವಾ ಪಟ್ಟಣದ ಧರ್ಮಸಭೆಯಲ್ಲಿ ಚರ್ಚಿನ ಮನ್ನಣೆ ಪಡೆದ ಟೆಂಪ್ಲರ್ ಪಂಥದಂತಹ ಸಂಘಟನೆಗಳಲ್ಲಿದೆ. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ಹಿಡಿದ ಸನ್ಯಾಸಿಯೇ ಕುದುರೆಯೇರಿ ಕತ್ತಿ ಹಿಡಿಯುವ ವಿಚಿತ್ರ ಸಂಯೋಗ ಅಲ್ಲಿಂದ ಬಂತು. ಈ ಎಳೆಗಳನ್ನು ಆಧುನಿಕ ಫ್ಯಾಂಟಸಿಗೆ ತಂದವರಲ್ಲಿ ಪೌಲ್ ಆಂಡರ್ಸನ್ ಪ್ರಮುಖರು. ಅವರ 1961ರ ‘ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್’ ಕಾದಂಬರಿಯ ಪ್ರಭಾವದಲ್ಲಿ, ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ 1975ರ ಪೂರಕ ಪುಸ್ತಕವೊಂದರ ಮೂಲಕ ಪ್ಯಾಲಡಿನ್ ಸೇರಿಕೊಂಡ. ಇಂದು ಕಂಪ್ಯೂಟರ್ ಗೇಮ್‌ಗಳಲ್ಲಿ ಕಾಣುವ ಬಹುಪಾಲು ಧರ್ಮಯೋಧರು ಆ ಆಟದ ಮಕ್ಕಳು, ಮೊಮ್ಮಕ್ಕಳು.

ಈಗ ಶಪಥಕ್ಕೆ ಬರೋಣ. ಅದನ್ನು ಪಾತ್ರದ ಬಾಯಿಂದಲೇ, ಉತ್ತಮ ಪುರುಷದಲ್ಲಿ, ಮೂರು ಅಥವಾ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ. ಪ್ರತಿಯೊಂದು ವಾಕ್ಯವೂ ಪಾಲನೆಯಾಯಿತೋ ಮುರಿಯಿತೋ ಎಂದು ಹೊರಗಿನವನೊಬ್ಬ ನೋಡಿ ಹೇಳುವಂತಿರಬೇಕು. ‘ಕೆಡುಕನ್ನು ನಾಶಮಾಡುತ್ತೇನೆ, ಬೆಳಕನ್ನು ಕಾಪಾಡುತ್ತೇನೆ’ ಎಂಬುದು ಘೋಷಣೆಯಾದೀತೇ ಹೊರತು ಶಪಥವಾಗಲಾರದು, ಏಕೆಂದರೆ ಅದನ್ನು ಮುರಿಯುವುದು ಹೇಗೆಂದು ಯಾರಿಗೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಶರಣಾದವನ ಮೇಲೆ ಕೈ ಎತ್ತುವುದಿಲ್ಲ. ಕೇಳಿದವರಿಗೆ ಸುಳ್ಳಾಡುವುದಿಲ್ಲ. ನನ್ನ ಆಸರೆಗೆ ಬಂದವರನ್ನು ಬಿಟ್ಟುಕೊಡುವುದಿಲ್ಲ.’ ಮೂರೂ ಸರಳವಾದ ಮಾತುಗಳು. ಆದರೆ ಒಂದು ರಾತ್ರಿ ಓಡಿಬಂದ ಹುಡುಗನೊಬ್ಬ ಈ ಶಪಥ ಮಾಡಿದವಳ ಬಿಡಾರದಲ್ಲಿ ಅಡಗಿ, ಬೆನ್ನಟ್ಟಿ ಬಂದ ಸೈನಿಕರು ಬಾಗಿಲಲ್ಲಿ ನಿಂತು ‘ಒಳಗೆ ಯಾರಿದ್ದಾರೆ?’ ಎಂದು ಕೇಳಿದ ಕ್ಷಣದಲ್ಲಿ ಎರಡನೆಯ ಮಾತೂ ಮೂರನೆಯ ಮಾತೂ ಪರಸ್ಪರ ಕತ್ತು ಹಿಸುಕತೊಡಗುತ್ತವೆ. ಅವಳು ಸುಳ್ಳಾಡದೆ, ಹುಡುಗನನ್ನೂ ಒಪ್ಪಿಸದೆ, ‘ಹೇಳುವುದಿಲ್ಲ’ ಎಂದು ಹೊಸ್ತಿಲಿಗೆ ಅಡ್ಡ ನಿಂತರೆ ಅಲ್ಲಿಂದ ಕಥೆ ತಾನಾಗಿ ನಡೆಯುತ್ತದೆ. ಶಪಥದ ಮಾತುಗಳಲ್ಲಿ ಕನಿಷ್ಠ ಎರಡಾದರೂ ಎಂದಾದರೊಮ್ಮೆ ಡಿಕ್ಕಿ ಹೊಡೆಯುವಂತೆ ನೋಡಿಕೊಳ್ಳಿ, ಆ ಡಿಕ್ಕಿಯನ್ನು ಕಥೆಯ ನಡುಮಧ್ಯಕ್ಕೆ ಕಾದಿರಿಸಿ. ದ್ಯೂತಸಭೆಯಲ್ಲಿ ತಲೆತಗ್ಗಿಸಿ ಕುಳಿತ ಭೀಷ್ಮನನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಪಥವನ್ನು ಯಾರ ಮುಂದೆ ಮಾಡಿದ್ದು ಎಂಬುದು ಮುಂದಿನ ಪ್ರಶ್ನೆ. ದೇವರ ಮುಂದೆಯೇ, ಪಂಥದ ಗುರುವಿನ ಮುಂದೆಯೇ, ಅರಸನ ಮುಂದೆಯೇ, ಅಥವಾ ಸಾಯುತ್ತಿದ್ದ ಒಬ್ಬ ಅಪರಿಚಿತನ ಮುಂದೆಯೇ? ಕೇಳಿಸಿಕೊಂಡವರು ಬದಲಾದರೆ ಪಾತ್ರದ ಇಡೀ ಸ್ವಭಾವ ಬದಲಾಗುತ್ತದೆ. ಪಂಥದ ಮುಂದೆ ಶಪಥ ಮಾಡಿದವನು ಪಂಥವೇ ಕೊಳೆತಾಗ ಏನು ಮಾಡಬೇಕೆಂದು ಚಡಪಡಿಸುತ್ತಾನೆ. ಸತ್ತವನಿಗೆ ಮಾತು ಕೊಟ್ಟವನನ್ನು ಬಿಡುಗಡೆ ಮಾಡಬಲ್ಲವರು ಯಾರೂ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮಗಳು ಪ್ಯಾಲಡಿನ್‌ನ ಶಕ್ತಿಗೆ ದೇವರಷ್ಟೇ ಶಪಥವೂ ಮೂಲವೆಂದು ಹೇಳಿ, ಭಕ್ತಿಯ ಶಪಥ, ಪ್ರಾಚೀನರ ಶಪಥ, ಪ್ರತೀಕಾರದ ಶಪಥ ಎಂಬ ಬೇರೆ ಬೇರೆ ದಾರಿಗಳನ್ನು ತೆರೆದವು. ಆ ನಿಯಮಗಳಲ್ಲಿ ಶಪಥದ ಆಯ್ಕೆ ಪಾತ್ರ ಬೆಳೆಯುತ್ತ ಏರುವ ಮೆಟ್ಟಿಲುಗಳಲ್ಲಿ ಮೂರನೆಯ ಹಂತದಲ್ಲಿ ಬರುತ್ತದೆ, ಮೊದಲ ಎರಡು ಹಂತಗಳಲ್ಲಿ ಪಾತ್ರ ಇನ್ನೂ ಉಮೇದುವಾರ ಮಾತ್ರ. ಬಹಳಷ್ಟು ಆಟಗಾರರು ಈ ಎರಡು ಹಂತಗಳನ್ನು ಅವಸರದಲ್ಲಿ ದಾಟುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ನಷ್ಟ. ಶಪಥ ಮಾಡಲೇಬೇಕೆಂದು ಅವನಿಗೆ ಅನ್ನಿಸುವ ಘಟನೆ ಆ ಎರಡು ಹಂತಗಳಲ್ಲಿ ಎಲ್ಲರ ಕಣ್ಣೆದುರೇ ನಡೆಯಲಿ, ಆಗ ಮೂರನೆಯ ಹಂತದಲ್ಲಿ ಆಡುವ ಮಾತಿಗೆ ತೂಕ ಬರುತ್ತದೆ. ಕಾದಂಬರಿಯಲ್ಲೂ ಇದೇ ಸರಿ. ಎಲಿಜಬೆತ್ ಮೂನ್ 1988ರಲ್ಲಿ ಆರಂಭಿಸಿದ ಕಾದಂಬರಿತ್ರಯದ ನಾಯಕಿ ಕುರಿಗಾರನ ಮಗಳಾಗಿ, ಕೂಲಿ ಸೈನಿಕಳಾಗಿ ಮೊದಲ ಪುಸ್ತಕವನ್ನು ಕಳೆಯುತ್ತಾಳೆ. ಅವಳು ಪ್ಯಾಲಡಿನ್ ಆಗುವುದು ಮೂರನೆಯದರಲ್ಲಿ.

ಶಕ್ತಿಗಳನ್ನು ಆರಿಸುವಾಗ ಅವು ಮುಗಿದುಹೋಗುವಂತಿರಲಿ. 2014ರ ಅದೇ ನಿಯಮಗಳಲ್ಲಿ ಅಂಗೈ ಮುಟ್ಟಿಸಿ ಗಾಯ ವಾಸಿಮಾಡುವ ಶಕ್ತಿಗೆ ಮಿತಿಯಿದೆ: ಪಾತ್ರದ ಹಂತವನ್ನು ಐದರಿಂದ ಗುಣಿಸಿದಷ್ಟು ಅಂಕಗಳು ಮಾತ್ರ, ದೀರ್ಘ ವಿಶ್ರಾಂತಿಯ ತನಕ ಅಷ್ಟೇ. ಮೂರನೆಯ ಹಂತದವನ ಬಳಿ ಹದಿನೈದು ಅಂಕಗಳಿವೆ, ಮುಂದೆ ಇಪ್ಪತ್ತು ಮಂದಿ ಗಾಯಾಳುಗಳಿದ್ದಾರೆ ಎಂದುಕೊಳ್ಳಿ. ಅವನು ಯಾರ ಬಳಿ ಮೊದಲು ಮಂಡಿಯೂರುತ್ತಾನೆ, ಯಾರನ್ನು ದಾಟಿಹೋಗುತ್ತಾನೆ, ಗಾಯಗೊಂಡು ಬಿದ್ದಿರುವ ಶತ್ರುವಿಗೆ ಒಂದಂಕವನ್ನಾದರೂ ಕೊಡುತ್ತಾನೆಯೇ ಎಂಬುದನ್ನು ತೋರಿಸಿದರೆ ಅವನ ದಯೆಯ ಬಗ್ಗೆ ಒಂದು ಪುಟದ ವರ್ಣನೆಯ ಅಗತ್ಯವೇ ಬೀಳುವುದಿಲ್ಲ. ಇನ್ನೂ ಸೊಗಸಾದ ಸಂಗತಿಯೆಂದರೆ, ಹೊಡೆತಕ್ಕೆ ದೈವಿಕ ಬೆಳಕನ್ನು ಸೇರಿಸುವ ಪ್ರಹಾರವೂ ಗಾಯ ಮಾಯಿಸುವ ಮಂತ್ರವೂ ಒಂದೇ ಮಂತ್ರಶಕ್ತಿಯ ದಾಸ್ತಾನಿನಿಂದ ಖರ್ಚಾಗುತ್ತವೆ. ಸಿಟ್ಟಿನಲ್ಲಿ ಎಲ್ಲವನ್ನೂ ಹೊಡೆತಕ್ಕೆ ಸುರಿದವನ ಕೈ, ಕಾಳಗ ಮುಗಿದ ಮೇಲೆ ಸಾಯುತ್ತಿರುವ ಗೆಳೆಯನ ಮುಂದೆ ಬರಿದಾಗಿರುತ್ತದೆ. ಆಟ ಆಡದೆ ಕಥೆಯನ್ನಷ್ಟೇ ಬರೆಯುವವರೂ ಈ ಲೆಕ್ಕಾಚಾರವನ್ನು ಎರವಲು ಪಡೆಯಬಹುದು.

ಕವಚದ ವಿಷಯದಲ್ಲಿ ಒಂದೇ ಮಾತು: ಪೂರ್ಣ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋ ತೂಗುತ್ತಿತ್ತು, ಆ ತೂಕ ಮೈತುಂಬ ಹಂಚಿಕೊಳ್ಳುತ್ತಿತ್ತು, ಅದನ್ನು ತೊಟ್ಟವನು ಬಿದ್ದರೆ ತಾನೇ ಎದ್ದು ನಿಲ್ಲಬಲ್ಲವನಾಗಿದ್ದ. ಬಿದ್ದ ವೀರನನ್ನು ಎತ್ತಲು ನಾಲ್ಕು ಜನರನ್ನು ಕರೆಸಬೇಡಿ.

ಆಟದ ಮೇಜಿನಲ್ಲಿ ಪ್ಯಾಲಡಿನ್‌ಗೆ ಕೆಟ್ಟ ಹೆಸರು ತಂದದ್ದು ಅವನ ಕಾವಲುಗಾರಿಕೆ. ಜೊತೆಯ ಕಳ್ಳ ಬೀಗ ಮುರಿಯುವಂತಿಲ್ಲ, ಮಾಂತ್ರಿಕ ಸತ್ತವರೊಡನೆ ಮಾತಾಡುವಂತಿಲ್ಲ, ಸೆರೆಸಿಕ್ಕವನನ್ನು ಯಾರೂ ಗದರಿಸುವಂತಿಲ್ಲ. ಹೀಗೆ ಒಬ್ಬನ ವ್ರತಕ್ಕೆ ಐದು ಜನ ಉಪವಾಸ ಬೀಳುತ್ತಾರೆ. ಇದಕ್ಕೆ ಆಟಗಾರರನ್ನಷ್ಟೇ ದೂರುವುದು ಅನ್ಯಾಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1978ರ ನಿಯಮಪುಸ್ತಕವೇ ಪ್ಯಾಲಡಿನ್ ಸಜ್ಜನರೊಡನೆ ಮಾತ್ರ ಒಡನಾಡಬೇಕೆಂದೂ, ತಟಸ್ಥರೊಡನೆ ಒಂದೊಂದು ಯಾತ್ರೆಯ ಮಟ್ಟಿಗಷ್ಟೇ ಸೇರಬಹುದೆಂದೂ ವಿಧಿಸಿತ್ತು. ಅದನ್ನು ಅಕ್ಷರಶಃ ಪಾಲಿಸಿದವನು ಪೊಲೀಸನಾಗದೆ ಇರಲು ಸಾಧ್ಯವಿರಲಿಲ್ಲ. ಆ ಕಟ್ಟಳೆ ಈಗ ಇಲ್ಲ. ಶಪಥದ ವಾಕ್ಯಗಳನ್ನು ಉತ್ತಮ ಪುರುಷದಲ್ಲಿ ಬರೆಯಬೇಕೆಂದು ಮೇಲೆ ಹೇಳಿದ್ದರ ಹಿಂದೆ ಈ ಕಾರಣವೂ ಇದೆ: ಅದು ಶಪಥ ಮಾಡಿದವನನ್ನು ಕಟ್ಟುತ್ತದೆ, ಪಕ್ಕದಲ್ಲಿ ಕುಳಿತವನನ್ನಲ್ಲ. ಕಳ್ಳ ಬೀಗ ಮುರಿಯುವಾಗ ಪ್ಯಾಲಡಿನ್ ಅವನನ್ನು ತಡೆಯಬೇಕಾಗಿಲ್ಲ. ಮರುದಿನ ಮನೆಯೊಡೆಯ ಎದುರಾಗಿ ಕೇಳಿದಾಗ ತಾನು ಸುಳ್ಳಾಡಲಾರೆನೆಂದು ಮುಂಚಿತವಾಗಿಯೇ ಕಳ್ಳನಿಗೆ ತಿಳಿಸಿದರೆ ಸಾಕು. ಆಗ ಕಳ್ಳನಿಗೂ ಯೋಚಿಸಲು ಏನಾದರೂ ಸಿಗುತ್ತದೆ, ಆಟವೂ ನಿಲ್ಲುವುದಿಲ್ಲ.

ಆಟ ನಡೆಸುವ ಡಂಜನ್ ಮಾಸ್ಟರ್‌ಗೂ ಇಲ್ಲಿ ಹೊಣೆಯಿದೆ. ಯಾವ ದಾರಿ ಹಿಡಿದರೂ ಶಪಥ ಮುರಿಯುವಂತಹ ಬೋನುಗಳನ್ನು ಒಡ್ಡಿ, ಆಟಗಾರ ಬಿದ್ದೊಡನೆ ಶಕ್ತಿಗಳನ್ನೆಲ್ಲ ಕಿತ್ತುಕೊಳ್ಳುವುದು ಜಾಣತನದಂತೆ ಕಂಡರೂ ಅದು ಬರಿಯ ಕಾಟ. ಆಟ ಶುರುವಾಗುವ ಮೊದಲೇ ಇಬ್ಬರೂ ಕುಳಿತು ಶಪಥದ ಪ್ರತಿ ವಾಕ್ಯವನ್ನೂ ಓದಿ, ಯಾವುದು ಸಣ್ಣ ತಪ್ಪು, ಯಾವುದು ದೊಡ್ಡದು, ಪ್ರಾಯಶ್ಚಿತ್ತ ಹೇಗೆ ಎಂದು ಒಪ್ಪಿಕೊಳ್ಳಬೇಕು. ಈ ವಿಚಾರದಲ್ಲಿ 1978ರ ಪುಸ್ತಕದಿಂದಲೇ ಕಲಿಯುವುದಿದೆ: ಶಿಸ್ತು ಮೀರಿದವನು ಹಿರಿಯ ಪುರೋಹಿತನಲ್ಲಿ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದಿತ್ತು, ತಿಳಿದೂ ತಿಳಿದೂ ದುಷ್ಕೃತ್ಯ ಎಸಗಿದವನು ಮಾತ್ರ ಪದವಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದ.

ಪತನವನ್ನು ಬರೆಯುವುದು ಈ ಪಾತ್ರದ ಅತ್ಯಂತ ಫಲವತ್ತಾದ ಭಾಗ, ಹಾಗಾಗಿ ಅದಕ್ಕೆ ಅವಸರ ಮಾಡಬೇಡಿ. 2002ರ ವಾರ್‌ಕ್ರಾಫ್ಟ್ 3 ಗೇಮ್‌ನ ರಾಜಕುಮಾರ ಆರ್ಥಸ್‌ನ ಕಥೆಯನ್ನು ಮಾದರಿಯಾಗಿ ಗಮನಿಸಿ. ಸೋಂಕಿತ ಧಾನ್ಯ ತಿಂದ ನಗರವೊಂದರ ಜನರು ಇನ್ನೇನು ಜೀವಂತ ಹೆಣಗಳಾಗುತ್ತಾರೆಂದು ಅರಿತು ಅವನು ಅವರನ್ನು ಕೊಲ್ಲಲು ಆಜ್ಞಾಪಿಸುತ್ತಾನೆ, ಗುರು ಊಥರ್ ಒಪ್ಪದಾಗ ಅವನನ್ನೇ ದೂರಮಾಡುತ್ತಾನೆ. ಬಳಿಕ ಸೈನಿಕರು ಹಿಂದಿರುಗದಂತೆ ತನ್ನದೇ ಹಡಗುಗಳನ್ನು ಸುಡಿಸಿ ಆ ಅಪರಾಧವನ್ನು ಬೇರೆಯವರ ತಲೆಗೆ ಕಟ್ಟುತ್ತಾನೆ. ಎಚ್ಚರಿಕೆಯನ್ನು ಕಡೆಗಣಿಸಿ ಶಾಪಗ್ರಸ್ತ ಖಡ್ಗವನ್ನು ಕೈಗೆತ್ತಿಕೊಳ್ಳುತ್ತಾನೆ. ಕೊನೆಗೆ ಮನೆಗೆ ಮರಳಿ ತಂದೆಯನ್ನೇ ಇರಿಯುತ್ತಾನೆ. ಮೊದಲ ನಿರ್ಧಾರ ಸರಿಯೋ ತಪ್ಪೋ ಎಂದು ಆಟಗಾರರು ಇಂದಿಗೂ ವಾದಿಸುತ್ತಾರೆ, ಕೊನೆಯದರ ಬಗ್ಗೆ ಯಾರೂ ವಾದಿಸುವುದಿಲ್ಲ. ನಿಮ್ಮ ಕಥೆಯಲ್ಲೂ ಮೊದಲ ಹೆಜ್ಜೆ ಓದುಗರು ತಾವೇ ಇಡಬಹುದಾಗಿದ್ದಂಥದ್ದಾಗಿರಲಿ, ಪ್ರತಿ ಹೆಜ್ಜೆಯಲ್ಲೂ ಅವನ ಬಾಯಲ್ಲಿ ‘ನನ್ನ ಜನರಿಗಾಗಿ’ ಎಂಬ ಅದೇ ಮಾತಿರಲಿ.

ಏರುವ ದಾರಿಯನ್ನು ಬರೆಯುವವರಿಗೆ 1991ರ ಫೈನಲ್ ಫ್ಯಾಂಟಸಿ 4 ಉಪಯೋಗಕ್ಕೆ ಬರುತ್ತದೆ. ಅರಸನ ಅಪ್ಪಣೆಯಂತೆ ಕೆಡುಕು ಮಾಡಿದ ಕತ್ತಲೆಯ ಯೋಧ ಸೆಸಿಲ್ ಬೆಟ್ಟವೊಂದನ್ನೇರಿ ಪ್ಯಾಲಡಿನ್ ಆಗುವ ಹೊತ್ತಿಗೆ ಅವನ ಹಳೆಯ ರೂಪವೇ ಕನ್ನಡಿಯಿಂದ ಬಂದು ಎದುರಾಗುತ್ತದೆ. ಅಲ್ಲಿ ಗೆಲ್ಲಲು ಖಡ್ಗ ಬೀಸಬಾರದು, ಹೊಡೆತಗಳನ್ನು ಸಹಿಸಿಕೊಂಡು ನಿಲ್ಲಬೇಕು. ಅಷ್ಟು ಹೊತ್ತೂ ದಾಳಿಯ ಗುಂಡಿ ಒತ್ತಿ ಅಭ್ಯಾಸವಾಗಿದ್ದ ಆಟಗಾರನ ಬೆರಳಿಗೇ ಅದು ಪರೀಕ್ಷೆ. 2023ರ ಬಾಲ್ಡರ್ಸ್ ಗೇಟ್ 3 ಮೂರನೆಯ ಹಾದಿಯೊಂದನ್ನು ತೋರಿಸುತ್ತದೆ: ಶಪಥ ಮುರಿದವನ ಬಿಡಾರಕ್ಕೆ ಅದೇ ದಾರಿಯಲ್ಲಿ ಹಿಂದೆ ನಡೆದ ಯೋಧನೊಬ್ಬ ಬಂದು, ಬೈಯದೆ, ಮಾತಿಗೆ ಕೂರುತ್ತಾನೆ, ಹಳೆಯ ಶಪಥಕ್ಕೆ ಹಣ ತೆತ್ತು ಮರಳಬಹುದು, ಇಲ್ಲವೇ ಮುರಿದವನಾಗಿಯೇ ಮುಂದುವರಿಯಬಹುದು. ಹಣ ಕೊಟ್ಟು ಶಪಥವನ್ನು ಮರಳಿ ಪಡೆಯುವುದು ನನಗೆ ಅಷ್ಟೇನೂ ಹಿಡಿಸಿಲ್ಲ, ಆ ಸಂಭಾಷಣೆ ಮಾತ್ರ ಚೆನ್ನಾಗಿದೆ.

ಕಡೆಯದಾಗಿ, ಪಾತ್ರ ಸಿದ್ಧವಾಯಿತೆಂದು ಅನ್ನಿಸಿದಾಗ ಒಂದು ಪುಟ ಬರೆದು ನೋಡಿ. ಅದರಲ್ಲಿ ಕಾಳಗ ಬೇಡ, ಶತ್ರು ಬೇಡ, ನೋಡುವವರೂ ಯಾರೂ ಬೇಡ: ದಣಿದು, ಹಸಿದು ನಡೆಯುತ್ತಿರುವ ನಿಮ್ಮ ಪ್ಯಾಲಡಿನ್ ನಾಯಕಿಗೆ ಶಪಥದ ಅತಿ ಚಿಕ್ಕ ವಾಕ್ಯವನ್ನು ಮುರಿಯುವ ಅವಕಾಶ ದಾರಿಯಲ್ಲಿ ಸಿಗುತ್ತದೆ, ಮುರಿದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಅವಳು ಏನು ಮಾಡುತ್ತಾಳೆಂದು ಬರೆಯುವ ಮುಂಚೆಯೇ ನಿಮಗೆ ಗೊತ್ತಾಗಿಬಿಟ್ಟರೆ ಶಪಥಕ್ಕೆ ಇನ್ನೂ ಸಾಕಷ್ಟು ಬೆಲೆಯಿಟ್ಟಿಲ್ಲ. ಹಿಂದೆ ಹೋಗಿ ಆ ವಾಕ್ಯವನ್ನು ತಿದ್ದಿ, ಮತ್ತೆ ಬರೆಯಿರಿ. ಆ ಪುಟವನ್ನು ಕಥೆಯೊಳಗೆ ಸೇರಿಸಲೇಬೇಕೆಂದಿಲ್ಲ.