ವೃದ್ಧಾಶ್ರಮದಲ್ಲಿ ಹಿಂಸೆ: ದೂರು ಬಿದ್ದುಹೋಗದಂತೆ ಕೊಡುವುದು ಹೇಗೆ?

ಆಶ್ರಮದಲ್ಲೋ ನರ್ಸಿಂಗ್ ಹೋಮಿನಲ್ಲೋ ಇರುವ ಹಿರಿಯರ ಮೈಮೇಲೆ ಬಾಸುಂಡೆ ಕಂಡರೆ ಹೆಚ್ಚಿನವರು ಮ್ಯಾನೇಜರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ಫೇಸ್‌ಬುಕ್‌ಗೆ ವಿಡಿಯೊ ಹಾಕುತ್ತಾರೆ. ಅಷ್ಟರಲ್ಲಿ ರಿಜಿಸ್ಟರ್ ತಿದ್ದಿ ಆಗಿರುತ್ತದೆ.

ಜೀವಕ್ಕೆ ಅಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ.

ಕೆಲಸ ಕೆಡುವುದು ಗಾಯ ದಾಖಲಿಸುವಾಗ. ಮನೆಗೆ ಕರೆತಂದು, ಎಣ್ಣೆ ಹಚ್ಚಿ, ವಾರ ಬಿಟ್ಟು ಠಾಣೆಗೆ ಹೋದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಅಂದೇ ಫೋಟೊ ತೆಗೆಯಿರಿ: ಮುಖ ಸೇರಿಸಿ ಒಂದು, ಗಾಯದ ಹತ್ತಿರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು. ಎರಡೂ ಮಣಿಕಟ್ಟಿನ ಸುತ್ತ ಗುರುತಿದ್ದರೆ ಕಟ್ಟಿಹಾಕಿರಬಹುದು. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಿದ್ದರೆ ಮಗ್ಗುಲು ಬದಲಿಸಿಲ್ಲದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸ್ವಲ್ಪ ತಾಗಿದರೂ ಕಪ್ಪುಗಟ್ಟುತ್ತದೆ. ಆಶ್ರಮದವರಿಂದ ಈ ನೆಪ ಬಂದೇ ಬರುತ್ತದೆ, ಔಷಧಿ ಚೀಟಿಯ ಫೋಟೊವೂ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ತೆಗೆದ ಸಮಯದ ವಿವರ ಉಳಿಯುವುದಿಲ್ಲ. ಮೂಲ ಫೈಲನ್ನು ಅದೇ ಫೋನಿನಲ್ಲಿ ಕಾಪಾಡಿ. ತಾರೀಖು ಮುದ್ರಿಸುವ ಆ್ಯಪ್‌ಗಳ ಗೊಡವೆಯೇ ಬೇಡ.

ಸಿಬ್ಬಂದಿ ಎದುರಿಗಿಲ್ಲದಾಗ ಮಾತಾಡಿಸಿ. ‘ಆಯಾ ಹೊಡೆದಳಾ?’ ಎಂದು ಬಾಯಿಗೆ ಮಾತು ತುರುಕದೆ, ‘ಇದು ಹೆಂಗಾತವ್ವಾ?’ ಎಂದು ಕೇಳಿ ಸುಮ್ಮನಿರಿ. ಮರೆವಿನ ಕಾಯಿಲೆಯವರಾದರೆ ಇನ್ನೂ ಎಚ್ಚರ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ನಂತರ ಸರ್ಕಾರಿ ಆಸ್ಪತ್ರೆ, ದಾವಣಗೆರೆಯಲ್ಲಾದರೆ ಚಿಗಟೇರಿ. ಹಲ್ಲೆಯ ಅನುಮಾನವಿದೆ ಎಂದು ಬಾಯಿಬಿಟ್ಟು ಹೇಳಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ವೈದ್ಯರು ಮಾಡುವ ದಾಖಲೆ) ಮಾಡಿಸಿ. ಹೇಳದಿದ್ದರೆ ‘ಬಿದ್ದ ಗಾಯ’ ಎಂದು ದಾಖಲಾಗಿ ಬಿಡಬಹುದು.

ದೂರಿಗೆ ಎಸಿ (ಉಪವಿಭಾಗಾಧಿಕಾರಿ) ಕಚೇರಿ ಸುತ್ತಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅಲ್ಲಿ ನಡೆಯುವುದು ಮುಖ್ಯವಾಗಿ ಜೀವನಾಂಶ, ಆಸ್ತಿಯ ವಿಚಾರಣೆ. ಹೊಡೆತಕ್ಕೆ ಪೊಲೀಸ್ ಠಾಣೆ. ಒಂದು ಪುಟ ಸಾಕು: ಯಾರು, ಯಾವ ದಿನ, ಯಾವ ಪಾಳಿ, ಕಂಡದ್ದೇನು. ಕಟ್ಟಿದ್ದೋ ಕೋಣೆಗೆ ಬೀಗ ಹಾಕಿದ್ದೋ ನಿಜವಾಗಿದ್ದರೆ ಬಿಡದೆ ಬರೆಯಿರಿ. ಸಾದಾ ಪೆಟ್ಟು ಅಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ; ಎನ್‌ಸಿಆರ್‌ನಲ್ಲೇ (ಇಂಥ ದೂರು ಬರೆದಿಡುವ ಠಾಣೆಯ ದಾಖಲೆ) ನಿಂತುಬಿಡಬಹುದು. ಕೂಡಿಹಾಕಿದ್ದಕ್ಕೆ (ಭಾರತೀಯ ನ್ಯಾಯ ಸಂಹಿತೆ ಕಲಂ 127) ಎಫ್‌ಐಆರ್ ಆಗಬೇಕು. ಒಪ್ಪಂದ ಮಾಡಿಕೊಂಡೂ ಆರೈಕೆ ಮಾಡದಿದ್ದರೆ ಕಲಂ 357 ಇದೆ. ದಾಖಲಾತಿಯ ಕರಾರು, ಹಣ ಕಟ್ಟಿದ ರಸೀದಿ ಲಗತ್ತಿಸಿ. ಮೂಗರ್ಜಿ ಬೇಡ, ಕಡತದಲ್ಲೇ ಕೊಳೆಯುತ್ತದೆ. ಮೊಹರು ಬಿದ್ದ ಸ್ವೀಕೃತಿ ಇಲ್ಲದೆ ಠಾಣೆಯಿಂದ ಏಳಬೇಡಿ. ಎಫ್‌ಐಆರ್ ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್.

ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567, ಕಾನೂನು ನೆರವಿಗೆ 15100.

ಠೇವಣಿ ವಾಪಸ್ ಕೊಡುವಾಗ ‘ನಮ್ಮದೇನೂ ದೂರಿಲ್ಲ’ ಎಂಬ ಕಾಗದ ಮುಂದಿಡಬಹುದು. ಸಹಿ ಹಾಕಬೇಡಿ.