ದುಬೈ ಎಷ್ಟು ದೂರ? ಲೆಕ್ಕ ನೀವೇ ಹಾಕಿ

ಉಡುಪಿಯ ನಮ್ಮ ದೊಡ್ಡಮ್ಮನಿಗೆ ಬಹಳ ವರ್ಷ ಒಂದು ಅನುಮಾನವಿತ್ತು. ಮಗ ಮಂಗಳೂರಿನ ಬಜ್ಪೆಯಿಂದ ದುಬೈಗೆ ಹೋಗುವಾಗ ವಿಮಾನಕ್ಕೆ ಎರಡು ಗಂಟೆ ಚಿಲ್ಲರೆ, ಬರುವಾಗ ಐದು ಗಂಟೆ. "ಬರುವಾಗ ಏರುದಾರಿಯಾ?" ಎಂದು ಕೇಳುತ್ತಿದ್ದರು. ಟಿಕೆಟ್‌ನಲ್ಲಿ ಹಾಗೇ ಕಾಣುತ್ತದೆ, ಅಲ್ವಾ?

ಮೊದಲು ದೂರ ನೋಡೋಣ. ಫೋನಿನ ಮ್ಯಾಪ್‌ನಲ್ಲಿ ಬಜ್ಪೆ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ: ಅಕ್ಷಾಂಶ 12.96, ರೇಖಾಂಶ 74.89. ದುಬೈಗೆ 25.25 ಮತ್ತು 55.36. ಅಕ್ಷಾಂಶದ ವ್ಯತ್ಯಾಸ ಸುಮಾರು 12.3 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಿಡಿದರೆ 1,365 ಕಿ.ಮೀ. ರೇಖಾಂಶದ್ದು 19.5 ಡಿಗ್ರಿ. ಧ್ರುವದ ಕಡೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ, ಹಾಗಾಗಿ ಇಲ್ಲಿ ಡಿಗ್ರಿಗೆ 105 ಸಾಕು. ಸುಮಾರು 2,050 ಕಿ.ಮೀ. ಆಯಿತು. ಇನ್ನು ಹೈಸ್ಕೂಲಿನ ಪೈಥಾಗೊರಸ್: ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಹೆಚ್ಚುಕಡಿಮೆ 2,460 ಕಿ.ಮೀ.

ನ್ಯೂಯಾರ್ಕ್‌ನಷ್ಟು ದೂರಕ್ಕೆ ಈ ಉಪಾಯ ನಡೆಯದು. ಭೂಮಿ ದುಂಡಗಿದೆ. ಗ್ಲೋಬಿನ ಮೇಲೆ ಮಂಗಳೂರಿನಿಂದ ನ್ಯೂಯಾರ್ಕ್‌ಗೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಅದು ಉತ್ತರಕ್ಕೆ ಸರಿದು ಐಸ್‌ಲ್ಯಾಂಡ್ ಹತ್ತಿರ ಹಾದು ಹೋಗುತ್ತದೆ! ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಈಗ ಸಮಯ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದುಕೊಳ್ಳಿ. 2,460 ಭಾಗಿಸು 800, ಅಂದರೆ ಮೂರು ಗಂಟೆ ಐದು ನಿಮಿಷ. ಏರಲು, ಇಳಿಯಲು, ರನ್‌ವೇ ಕಡೆ ಉರುಳಲು ಅರ್ಧ ಗಂಟೆ ಸೇರಿಸಿ. ಮೂರೂವರೆ ಗಂಟೆ ದಾಟಿತು. ಮೇಲಿನ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಅಂದರೆ ದೊಡ್ಡಮ್ಮ ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ, ಬರುವುದೇ ಬೇಗ.

ಕೊನೆಗೆ ಟಿಕೆಟ್. ಅದರಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಇರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ 8.30ಕ್ಕೆ ಹೊರಟು 10.45ಕ್ಕೆ ತಲುಪುತ್ತದೆ ಎಂದಿದ್ದರೆ ನಡುವಿನ ಎರಡೂಕಾಲು ಗಂಟೆಗೆ ಒಂದೂವರೆ ಗಂಟೆ ಕೂಡಿಸಿ: 3 ಗಂಟೆ 45 ನಿಮಿಷ. ಬರುವಾಗ ಕಳೆಯಿರಿ. ರಾತ್ರಿ 11.45ಕ್ಕೆ ಬಿಟ್ಟು ಬೆಳಗಿನ ಜಾವ 4.40ಕ್ಕೆ ಇಳಿದರೆ ಪ್ರಯಾಣ 4 ಗಂಟೆ 55 ನಿಮಿಷ ಅಲ್ಲ, 3 ಗಂಟೆ 25 ನಿಮಿಷ.

4.40ಕ್ಕೆ ಇಳಿದವ 4.40ಕ್ಕೇ ಹೊರಗೆ ಬರುವುದಿಲ್ಲ, ಅದೂ ನೆನಪಿರಲಿ. ಇಮಿಗ್ರೇಷನ್, ಬ್ಯಾಗು ಎಂದು ಒಂದು ಗಂಟೆ ಹೋಗುತ್ತದೆ. ಆಮೇಲೆ ಉಡುಪಿಗೆ ಕಾರಿನಲ್ಲಿ ಇನ್ನೊಂದು ಒಂದೂವರೆ ಗಂಟೆ. ದೊಡ್ಡಮ್ಮ ಈಗ ಏಳು ಗಂಟೆಗೆ ಸರಿಯಾಗಿ ನೀರುದೋಸೆಯ ಕಾವಲಿ ಒಲೆಗಿಡುತ್ತಾರೆ.