ಪೆಟ್ರೋಲ್ ಟ್ಯಾಂಕಿನ ಗಂಟಲಲ್ಲಿರುವ ಪುಟ್ಟ ಬಾಗಿಲು

ಆ ಕಾರು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಿಂದ ಬಂದಿತ್ತು. ಟ್ಯಾಂಕ್ ತುಂಬಿಸಿದ ದಿನ, ಅದೂ ಮನೆಯ ಮುಂದಿನ ಇಳಿಜಾರಿನಲ್ಲಿ ಎಡಕ್ಕೆ ವಾಲಿಸಿ ನಿಲ್ಲಿಸಿದಾಗ ಮಾತ್ರ ಪೆಟ್ರೋಲ್ ವಾಸನೆ ಬರುತ್ತದೆ ಎಂದು ಮಾಲೀಕರು ಹೇಳಿದರು. ಬಂಕಿನಲ್ಲಿ ಹಾಕಿಸುವಾಗ ಒಮ್ಮೆ ಪೆಟ್ರೋಲ್ ಹಿಂದಕ್ಕೆ ಚಿಮ್ಮಿ ಹುಡುಗನ ತೋಳೆಲ್ಲ ಒದ್ದೆಯಾಗಿತ್ತಂತೆ. ಈ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದಾಗಲೇ ನನ್ನ ಅನುಮಾನ ಫಿಲ್ಲರ್ ಪೈಪಿನ, ಅಂದರೆ ಪೆಟ್ರೋಲ್ ತುಂಬಿಸುವ ಕೊಳವೆಯ, ಕೆಳತುದಿಗೆ ಹೋಯಿತು.

ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿನವರೆಗೆ ಬರಿಯ ಕೊಳವೆ ಇದೆ ಎಂದುಕೊಂಡವರು ಬಹಳ ಜನ. ಮುಚ್ಚಳ ತೆಗೆದರೆ ಕಾಣುವ ಸ್ಪ್ರಿಂಗ್ ತಗಡು ಎಲ್ಲರಿಗೂ ಗೊತ್ತು. ಬಾಯಿಯನ್ನು ಕಿರಿದು ಮಾಡಿ ತಗಡು ಇಡುವ ಪದ್ಧತಿ 1970ರ ದಶಕದಲ್ಲಿ ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂದಾಗ ಬೇರೂರಿತು. ಸೀಸದ ಪೆಟ್ರೋಲಿನ ದಪ್ಪ ನಳಿಕೆ ಅದರೊಳಗೆ ಹೋಗಬಾರದಿತ್ತು. ಆದರೆ ನಿಜವಾದ ಕಾವಲುಗಾರ ಇರುವುದು ಇನ್ನೊಂದು ತುದಿಯಲ್ಲಿ, ಕೊಳವೆ ಟ್ಯಾಂಕನ್ನು ಸೇರುವ ಜಾಗದಲ್ಲಿ. ಅಲ್ಲೊಂದು ಪ್ಲಾಸ್ಟಿಕ್ ಬಾಗಿಲು. ಪೆಟ್ರೋಲ್ ಒಳಕ್ಕೆ ಬರುವಾಗ ಅದರ ರಭಸಕ್ಕೆ ತೆರೆದುಕೊಳ್ಳುತ್ತದೆ, ಹರಿವು ನಿಂತ ಕೂಡಲೇ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಒಳಗಿನ ಪೆಟ್ರೋಲ್ ಹಿಂದಕ್ಕೆ ಬರಲು ದಾರಿಯೇ ಇಲ್ಲ.

ಬಾಯಿಯ ಬಳಿ ಭದ್ರವಾದ ಮುಚ್ಚಳ ಇರುವಾಗ ಇದೇಕೆ ಬೇಕು? ಫಿಲ್ಲರ್ ಪೈಪ್ ಇರುವುದು ಕಾರಿನ ಪಕ್ಕದಲ್ಲಿ, ಹಿಂದಿನ ಚಕ್ರದ ಮಗ್ಗುಲಲ್ಲಿ. ಪಕ್ಕದಿಂದ ಲಾರಿ ಗುದ್ದಿದರೆ, ಚಾರ್ಮಾಡಿ ಘಾಟಿಯಂಥ ಜಾಗದಲ್ಲಿ ಕಾರು ಉರುಳಿದರೆ, ಆ ಕೊಳವೆ ನುಜ್ಜುಗುಜ್ಜಾಗಿ ಕಿತ್ತು ಬರಬಹುದು. ಮೇಲಿನ ಮುಚ್ಚಳ ಎಷ್ಟು ಗಟ್ಟಿಯಾಗಿದ್ದರೂ ಆಗ ಪ್ರಯೋಜನವಿಲ್ಲ. ಬಾಗಿಲು ಟ್ಯಾಂಕಿನ ಬಾಯಲ್ಲೇ ಇದ್ದರೆ ಮಾತ್ರ, ಒಳಗಿರುವ ಮೂವತ್ತು, ನಲವತ್ತು ಲೀಟರ್ ಪೆಟ್ರೋಲ್ ರಸ್ತೆಗೆ ಚೆಲ್ಲದೆ ಉಳಿಯುತ್ತದೆ. ಪೆಟ್ರೋಲಿನ ಆವಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಕಿಡಿಗೆ ಹತ್ತಿಕೊಳ್ಳುವಂಥದ್ದು. ಹಾಗಾಗಿ ಈ ಪುಟ್ಟ ಬಾಗಿಲನ್ನು ನಾನು ಸೀಟ್ ಬೆಲ್ಟಿನ ಸಾಲಿನಲ್ಲೇ ಇಡುತ್ತೇನೆ.

ಕೆಲಸಕ್ಕೆ ಕೈ ಹಾಕುವ ಮೊದಲು ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯುವವರೆಗೆ ಕಾರು ಓಡಿಸಿ ತರಲು ಹೇಳಿದೆ. ಗ್ಯಾರೇಜಿನ ಗುಂಡಿಯ ಮೇಲೆ ಈ ಕೆಲಸ ಮಾಡುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯೊಳಗೆ ನೀರಿನಂತೆ ಇಳಿದು ತುಂಬಿಕೊಳ್ಳುತ್ತದೆ. ಹೊರಗೆ ಬಯಲಿನಲ್ಲಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಹಿಂದಿನ ಎಡ ಚಕ್ರ ಮತ್ತು ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದೆವು. ಅಲ್ಲಿ ವಾಸನೆಯ ಮೂಲ ಕಂಡಿತು: ಕೊಳವೆಯನ್ನು ಟ್ಯಾಂಕಿಗೆ ಜೋಡಿಸುವ ರಬ್ಬರ್ ಹೋಸ್ ಕ್ಲ್ಯಾಂಪಿನ ಪಕ್ಕದಲ್ಲಿ ಸೀಳಿತ್ತು. ಸೀಳಿನ ಸುತ್ತ ಕೆಂಪು ಧೂಳು ಒದ್ದೆಯಾಗಿ ಕೆನೆಗಟ್ಟಿತ್ತು.

ಹೋಸ್ ಒಂದನ್ನೇ ಬದಲಿಸಿ ಕಳಿಸಬಹುದಿತ್ತು. ವಾಸನೆಯೂ ನಿಲ್ಲುತ್ತಿತ್ತು. ಆದರೆ ಕಾರು ವಾಲಿದಾಗ ಆ ಹೋಸಿನಲ್ಲಿ ಪೆಟ್ರೋಲ್ ನಿಲ್ಲುವುದಾದರೂ ಹೇಗೆ? ಹೋಸ್ ಕಳಚಿ ಟ್ಯಾಂಕಿನ ಬಾಯೊಳಗೆ ಬೆರಳು ಹಾಕಿದೆ. ಸರಿಯಿರುವ ಬಾಗಿಲು ಬೆರಳಿಗೆ ಒತ್ತು ಕೊಡುತ್ತದೆ, ಬಿಟ್ಟರೆ ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಇಲ್ಲಿ ಅದು ಒಂದೇ ಕಿವಿಯ ಮೇಲೆ ಜೋತುಬಿದ್ದಿತ್ತು. ಇನ್ನೊಂದು ಕಿವಿ ಮುರಿದು, ಸ್ಪ್ರಿಂಗ್ ಪಕ್ಕಕ್ಕೆ ಸೊಟ್ಟಗಾಗಿತ್ತು. ತನ್ನಷ್ಟಕ್ಕೆ ಸವೆದ ಪ್ಲಾಸ್ಟಿಕ್ ಹೀಗೆ ಮುರಿಯುವುದಿಲ್ಲ. ಯಾರೋ ಬಲವಂತವಾಗಿ ಏನನ್ನೋ ತುರುಕಿದ್ದರು.

ಕೇಳಿದಾಗ ಮಾಲೀಕರು ನೆನಪಿಸಿಕೊಂಡರು. ವರ್ಷದ ಹಿಂದೆ ತೋಟದ ಆಳು ಕ್ಯಾನ್ ಗೊತ್ತಾಗದೆ, ಆಲಿಕೆ ಇಟ್ಟು ಈ ಕಾರಿಗೆ ಡೀಸೆಲ್ ಸುರಿದಿದ್ದನು. ಅದನ್ನು ತೆಗೆಯಲು ಹೋದ ಗ್ಯಾರೇಜಿನವರು ಮೇಲಿನಿಂದ ಪೈಪ್ ಇಳಿಸಿದ್ದಾರೆ. ಇಳಿಯದಿದ್ದಾಗ ಒಳಗೆ ಕಬ್ಬಿಣದ ಸರಳು ಸೇರಿಸಿ ಗುದ್ದಿದ್ದಾರೆ. ಪೈಪ್ ಇಳಿಯದಿದ್ದುದೇ ಬಾಗಿಲು ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತಾಗಿತ್ತು. ಹಿಂದಿನ ಸೀಟಿನ ಕೆಳಗೆ ಒಂದು ಮುಚ್ಚಳವಿದೆ, ಅದನ್ನು ತೆಗೆದರೆ ಪಂಪ್ ಸಿಗುತ್ತದೆ. ಪಂಪ್ ಎತ್ತಿದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬಹುದು. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಆ ಅರ್ಧ ಗಂಟೆ ಉಳಿಸಲು ಹೋಗಿ, ಒಂದು ಮನೆಯವರನ್ನು ಕಾವಲಿಲ್ಲದ ಟ್ಯಾಂಕಿನ ಮೇಲೆ ವರ್ಷವಿಡೀ ಓಡಾಡಿಸಿದ್ದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾವೂ ಸೀಟಿನ ಕೆಳಗಿನ ಆ ದಾರಿಯನ್ನೇ ಹಿಡಿದು ಟ್ಯಾಂಕ್ ಖಾಲಿ ಮಾಡಿದೆವು. ತಳದಲ್ಲಿ ಮುರಿದ ಕಿವಿಯ ಚೂರು ಸಿಕ್ಕಿತು, ಹುಣಸೆ ಬೀಜದಷ್ಟು. ಹೊಸ ಬಾಗಿಲು, ಅಂದರೆ ವಾಲ್ವ್, ತರಿಸಿ ಕೂರಿಸಿ, ಹೋಸ್ ಮತ್ತು ಎರಡೂ ಕ್ಲ್ಯಾಂಪ್ ಬದಲಿಸಿದೆ.

ಕೈ ಹಾಕಿದ ಮೇಲೆ ಉಳಿದ ವಾಲ್ವ್‌ಗಳನ್ನೂ ನೋಡಿದೆ. ಮುಚ್ಚಳದಲ್ಲೇ ಎರಡು ಅಡಗಿವೆ: ಒತ್ತಡ ಅತಿಯಾದರೆ ಹೊರಬಿಡುವುದು ಒಂದು, ಪೆಟ್ರೋಲ್ ಖರ್ಚಾದಂತೆ ಒಳಗೆ ಗಾಳಿ ಬಿಡುವುದು ಇನ್ನೊಂದು. ಟ್ಯಾಂಕಿನ ತಲೆಯ ಮೇಲೆ ಆವಿ ಹೋಗುವ ದಾರಿಯಲ್ಲಿ ತೇಲುವ ವಾಲ್ವ್ ಇದೆ. ಕಾರು ಮಗುಚಿದರೆ ಅದು ಆ ದಾರಿಯನ್ನು ಮುಚ್ಚುತ್ತದೆ. ಟ್ಯಾಂಕ್ ತುಂಬಿದಾಗಲೂ ಇಂಥದ್ದೇ ತೇಲುವ ವಾಲ್ವ್ ಆವಿಯ ದಾರಿ ಕಟ್ಟುವುದರಿಂದ, ಪೆಟ್ರೋಲ್ ಕೊಳವೆಯಲ್ಲಿ ಮೇಲೇರಿ ನಳಿಕೆಯ ತುದಿಯ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಬಂಕಿನಲ್ಲಿ ಕಟ್ ಎಂದು ನಿಲ್ಲುವುದು ಆಗಲೇ. ಅದಾದ ಮೇಲೂ ರೌಂಡ್ ಫಿಗರ್ ಮಾಡಲು ಐವತ್ತು, ನೂರು ರೂಪಾಯಿಯದು ತುಂಬಿಸಿದರೆ ಆ ಪೆಟ್ರೋಲ್ ಆವಿಯ ದಾರಿ ಹಿಡಿದು ಆವಿಯನ್ನು ಹೀರಿ ಹಿಡಿದಿಡುವ ಇದ್ದಿಲಿನ ಡಬ್ಬಿ (ಕ್ಯಾನಿಸ್ಟರ್) ಸೇರಿ ಅದನ್ನು ಕೆಡಿಸಬಹುದು. ದಯವಿಟ್ಟು ಮೊದಲ ಸದ್ದಿಗೇ ನಿಲ್ಲಿಸಲು ಹೇಳಿ.

ಕೊನೆಗೆ ಟ್ಯಾಂಕ್ ತುಂಬಿಸಿ, ಗ್ಯಾರೇಜಿನ ಹಿಂದಿನ ಇಳಿಜಾರಿನಲ್ಲಿ ಎಡಕ್ಕೆ ವಾಲಿಸಿ, ಚಕ್ರದ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪತ್ರಿಕೆಯ ಮೇಲೆ ಇಬ್ಬನಿ ಬಿಟ್ಟರೆ ಏನೂ ಇರಲಿಲ್ಲ. ಮೂಗು ಹತ್ತಿರ ಒಯ್ದೆ, ವಾಸನೆಯೂ ಇಲ್ಲ. ವಾರದ ನಂತರ ಮಾಲೀಕರು ಫೋನ್ ಮಾಡಿದರು. ತೋಟದ ಡೀಸೆಲ್ ಕ್ಯಾನಿಗೆಲ್ಲ ಹಳದಿ ಬಣ್ಣ ಬಳಿಸಿದ್ದಾರಂತೆ.